ಅಬ್ಬಾನ ದನಿ, ಎರಡು ಗ್ಯಾಸ್‌ಲೈಟು

ಹರಿಹರದಲ್ಲಿ ಗ್ಯಾಸ್ ಬಿಡೋರಿಗೇನೂ ಕಮ್ಮಿ ಇರಲಿಲ್ಲ. ಗ್ಯಾಸ್‌ಲೈಟ್ ಹಚ್ಚೋರು ಮಾತ್ರ ಹುಸೇನ್ ಸಾಬ್ ಒಬ್ಬರೇ ಉಳಿದಿದ್ದರು. ಆ ಒಬ್ಬರೂ ಹಚ್ಚೋದು ಬಿಟ್ಟು ಎಂಟು ತಿಂಗಳಾಗಿತ್ತು.

ಒಂದು ಕಾಲಕ್ಕೆ ಅವರ ಅಂಗಡಿಯಲ್ಲಿ ಅರವತ್ತು ಗ್ಯಾಸ್‌ಲೈಟು ಸಾಲಾಗಿ ನೇತಾಡುತ್ತಿದ್ದವು. ಮದುವೆ ದಿಬ್ಬಣ, ಉರುಸು, ಭತ್ತದ ಕಣ, ಊರಿಗೆ ಬಂದ ನಾಟಕ, ಎಲ್ಲದಕ್ಕೂ ಹುಸೇನ್ ಸಾಬರದೇ ಬೆಳಕು. ಆಮೇಲೆ ಜನರೇಟರ್ ಬಂತು, ಯುಪಿಎಸ್ ಬಂತು, ಬೆರಳುದ್ದದ ಚೀನಾ ಲೈಟುಗಳು ಬಂದವು. ರೇಷನ್ ಸೀಮೆಎಣ್ಣೆ ನಿಂತಿತು. ಲೈಟುಗಳು ಒಂದೊಂದಾಗಿ ಗುಜರಿಗೆ ಹೋಗಿ, ಅಟ್ಟದ ಮೇಲೆ ನಾಲ್ಕು ಉಳಿದವು. ಅಂಗಡಿ ಸ್ಟೋವ್ ರಿಪೇರಿಗೆ ಇಳಿಯಿತು. ಆದರೂ ವರ್ಷಕ್ಕೆ ನಾಲ್ಕೈದು ಸಲ ಯಾರಾದರೂ ಹುಡುಕಿಕೊಂಡು ಬರುತ್ತಿದ್ದರು. ಬಂದವರೆಲ್ಲ ಲೈಟಿನೊಳಗೆ ಬೆಳಗುವ ಮ್ಯಾಂಟಲ್‌ಗೆ ‘ಮೆಂಟ್ಲು’ ಅಂತಲೇ ಅನ್ನೋದು. “ಸಾಬ್ರೆ, ಒಂದು ಮೆಂಟ್ಲು ಕೊಡ್ರಿ” ಅಂದ ಕೂಡಲೇ ಮಗಳು ಮುಬಶ್ಶಿರಾ ಕುರ್ಚಿಯಿಂದ ಎದ್ದು ನಿಂತು, “ನಾನಿದೀನಲ್ಲ, ಕರ್ಕೊಂಡು ಹೋಗ್ರಿ” ಅನ್ನುತ್ತಿದ್ದಳು. ಆಗ ಅವಳಿಗೆ ಏಳು ವರ್ಷ. ಈಗ ಇಪ್ಪತ್ತಮೂರು. ಬಿ.ಎಸ್ಸಿ. ಮುಗಿಸಿ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಬುದ್ಧಿ ಮಾತ್ರ ಏಳಕ್ಕೇ ನಿಂತಿದೆ ಅಂತ ಅವಳ ಅಮ್ಮಿ ಬೀಬಿಜಾನ್‌ಳ ಅಭಿಪ್ರಾಯ.

ಅವಳ ಗಂಟಲೊಳಗೆ ಒಂದು ಊರೇ ಬಾಡಿಗೆಗಿತ್ತು. ‘ಹರ್‌ಹರ್ ಹರ್‌ಹರ್ ಹರ್‌ಹರ್’ ಅಂತ ಕೂಗುವ ಬಸ್ಸಿನ ಕಂಡಕ್ಟರ್, ಮೂಗಿನಲ್ಲಿ ಪಾಠ ಮಾಡುವ ಕೆಮಿಸ್ಟ್ರಿ ಲೆಕ್ಚರರ್, ಎದುರು ಮನೆಯ ಖೈರುನ್ನೀಸಾ ಖಾಲಾ, ಆ ಖಾಲಾನ ಕೋಳಿ, ಎಲ್ಲರೂ ಅಲ್ಲಿದ್ದರು. ಅಬ್ಬಾ ಹುಸೇನ್ ಸಾಬ್ ಅಂತೂ ಅವಳ ಖಾಯಂ ಗಿರಾಕಿ. ಅಬ್ಬಾ ಕೆಮ್ಮೋದು, ಅಬ್ಬಾ ಚೌಕಾಸಿ ಮಾಡೋದು, ಗಿರಾಕಿಯ ಹಳೇ ಜೋಕಿಗೆ ಅಬ್ಬಾ ಮರ್ಯಾದೆಗೆ ನಗೋದು, ಯಾವುದು ಬೇಕು ಕೇಳಿ, ಸಿಗುತ್ತಿತ್ತು.

ಒಂದು ನಗು ಮಾತ್ರ ಅವಳು ಯಾವತ್ತೂ ಮಾಡಿ ತೋರಿಸಿಲ್ಲ. ಅದು ಭಾನುವಳ್ಳಿಯಲ್ಲಿ ಕೇಳಿದ ನಗು.

ಎಂಟು ತಿಂಗಳ ಹಿಂದೆ ಭಾನುವಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು, ಒಂದು ಮನೆಯವರು ಮಗಳ ನಿಶ್ಚಿತಾರ್ಥಕ್ಕೆ ಗ್ಯಾಸ್‌ಲೈಟು ಕೇಳಿದ್ದರು. ಹುಸೇನ್ ಸಾಬ್ ಎರಡು ಲೈಟು ತಗೊಂಡು ಹೋದರು. ಒಂದನ್ನು ಹಿಡಿಯಲು ಮುಬಶ್ಶಿರಾ ಜೊತೆಗೆ. ಮ್ಯಾಂಟಲ್ ಅಂದರೆ ಸಣ್ಣ ಬಟ್ಟೆಯ ಚೀಲ. ಹೊಸದನ್ನು ಕಟ್ಟಿ ಮೊದಲ ಸಲ ಉರಿ ತಾಗಿಸಿದಾಗ ಬಟ್ಟೆ ಸುಟ್ಟು ಹೋಗುತ್ತದೆ, ಚೀಲದ ಆಕಾರದ ಬಿಳೀ ಬೂದಿ ನಿಲ್ಲುತ್ತದೆ. ಬೆಳಗುವುದು ಆ ಬೂದಿಯೇ. ಸೊಳ್ಳೆ ಕೂತರೂ ತೂತಾಗುವಷ್ಟು ನಾಜೂಕು. ಮ್ಯಾಂಟಲನ್ನು ಬಯಲಲ್ಲಿ ಸುಟ್ಟು, ಸುಕ್ಕಿಲ್ಲದೆ ದುಂಡಗೆ ಬಂತೇ ಅಂತ ಅದರ ಮುಖ ನೋಡಿ, ಆಮೇಲೆ ಗಾಜು ತೊಡಿಸಬೇಕು. ಇದು ಹುಸೇನ್ ಸಾಬರ ಉಸ್ತಾದ್ ಹಾಕಿಕೊಟ್ಟ ಕಟ್ಟಳೆ. ನಲವತ್ತು ವರ್ಷ ಅದನ್ನು ಅವರು ಮುರಿದವರಲ್ಲ. ಅವತ್ತು ಗಾಜು ತೊಡಿಸುವಾಗ ಅವರ ಬಲಗೈ ನಡುಗಿತು. ಗಾಜಿನ ಅಂಚು ತಾಗಿ ಮ್ಯಾಂಟಲ್ ಉದುರಿತು. ಎರಡನೇದೂ ಉದುರಿತು. ಮೂರನೇದೂ.

“ಸಾಬ್ರ, ಲೈಟ್ ಹಚ್ಚಾಕ ಬಂದೀರೋ, ವಿಭೂತಿ ಹಂಚಾಕ ಬಂದೀರೋ?” ಅಂದರು ಗಂಡಿನ ಕಡೆಯ ಯಾರೋ ಒಬ್ಬರು.

ಚಪ್ಪರವೆಲ್ಲ ನಕ್ಕಿತು. ಹುಸೇನ್ ಸಾಬರೂ ನಕ್ಕರು. ಮಗಳ ಕಡೆ ನೋಡದೆ ನಕ್ಕರು.

ಮನೆಗೆ ಬಂದವರು ಲೈಟುಗಳನ್ನು ಬೀಬಿಜಾನ್‌ಳ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ದಾವಣಗೆರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ನಡುಕ ಒಂಚೂರು ತಗ್ಗಿತು, ಹೋಗಲಿಲ್ಲ. ಬರಬರುತ್ತಾ ದನಿಯೂ ಸಣ್ಣದಾಯಿತು. ಪಕ್ಕದ ಕೋಣೆಯಿಂದ ಕರೆದರೆ ಕೇಳಿಸುತ್ತಿರಲಿಲ್ಲ. ಫೋನನ್ನು ಮಗಳ ಕೈಗಿಟ್ಟು, “ಲೈಟ್ ಕೇಳಿದ್ರೆ ಊರಲ್ಲಿಲ್ಲ ಅನ್ನು” ಅಂದರು.

ಮುಬಶ್ಶಿರಾ ಎಂಟು ತಿಂಗಳು ಹಾಗೇ ಅಂದಳು. ಒಂಬತ್ತನೇ ತಿಂಗಳ ಒಂದು ಸಂಜೆ ಫೋನ್ ಮಾಡಿದವರು ಮುರುಗೇಶಪ್ಪ ಮೇಷ್ಟ್ರು. ಹರಿಹರದ ಹೈಸ್ಕೂಲಿನಲ್ಲಿ ಅವಳಿಗೆ ಕನ್ನಡ ಹೇಳಿಕೊಟ್ಟವರು, ಅಬ್ಬಾನ ಹಳೇ ಸ್ನೇಹಿತರು. ರಿಟೈರಾಗಿ ಎಸ್.ಎಸ್. ಬಡಾವಣೆ ಸೇರಿದ್ದರು. ಮಕ್ಕಳನ್ನು ಕಟ್ಟಿಕೊಂಡು ಕೆರೆ, ಗುಡ್ಡ ಅಂತ ತಿರುಗೋ ಹುಚ್ಚು ಮಾತ್ರ ರಿಟೈರಾಗಿರಲಿಲ್ಲ.

“ಹುಸೇನ್ ಸಾಬ್ರೆ, ನಮಸ್ಕಾರ್ರಿ. ಕೊಂಡಜ್ಜಿ ಕೆರೆ ದಂಡೇಲಿ ಮೂರು ದಿನ ಹೆಣ್ಮಕ್ಕಳ ಕ್ಯಾಂಪ್ ಐತೆ. ಮೂವತ್ತು ಮಕ್ಕಳು. ಎರಡು ಗ್ಯಾಸ್‌ಲೈಟ್ ಬೇಕ್ರಿ.”

ಮುಬಶ್ಶಿರಾ ಬಾಯಿ ತೆರೆದಳು. ಊರಲ್ಲಿಲ್ಲ ಅನ್ನಬೇಕು. ಅಷ್ಟರಲ್ಲಿ ಕಿಟಕಿಯಾಚೆ ಅಬ್ಬಾ ಕಂಡರು. ಅಂಗಡಿಯ ಮೆಟ್ಟಿಲ ಮೇಲೆ ಕೂತು, ನಡುಗೋ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದರು, ಕೋಳಿಮರಿ ಹಿಡಿದವರ ಹಾಗೆ. ಅವಳ ಗಂಟಲಿನಿಂದ ಬಂದದ್ದು ಅವಳ ದನಿಯಲ್ಲ.

“ಅರೆ ಮೇಷ್ಟ್ರೇ! ಕೇಳೋದೇನ್ರಿ ಇದ್ರಾಗೆ? ಲೈಟ್ ಜೊತಿಗೆ ನಾನೇ ಬರ್ತೀನಿ. ಚಾ ಮಾತ್ರ ಗಟ್ಟಿ ಇರ್ಲಿ!”

ಅಬ್ಬಾನದೇ ದನಿ. ಕೊನೆಯ ಕೆಮ್ಮೂ ಸೇರಿಸಿ.

“ಭೇಷ್” ಅಂದರು ಮೇಷ್ಟ್ರು. “ಶನಿವಾರ ಐದು ಗಂಟೆಗೆ ಬರ್ರಿ.” ಫೋನ್ ಇಟ್ಟರು.

ಬಾಗಿಲಲ್ಲಿ ನಿಂತಿದ್ದ ಬೀಬಿಜಾನ್ ಹಣೆ ಚಚ್ಚಿಕೊಂಡಳು. “ಯಾ ಅಲ್ಲಾ! ನಿಮ್ಮಪ್ಪಗೆ ಗೊತ್ತಾದ್ರೆ?”

“ಗೊತ್ತಾಗಲ್ಲ ಅಮ್ಮಿ. ಕಲ್ತು ನಾನೇ ಹೋಗಿ ಹಚ್ಚಿ ಬರ್ತೀನಿ.”

“ನೀನು? ಗ್ಯಾಸ್ ಸ್ಟೋವ್ ಹಚ್ಚಾಕ ಮೂರು ಕಡ್ಡಿ ಗೀರ್ತೀ.”

ಬೈದರೂ ಬೀಬಿಜಾನ್ ಏಣಿ ಹಿಡಿದಳು. ಹುಸೇನ್ ಸಾಬ್ ಸಂಜೆಯ ಅಸರ್ ನಮಾಜಿಗೆ ಹೋದಾಗ ತಾಯಿ ಮಗಳು ಎರಡು ಲೈಟು ಇಳಿಸಿ ಒರೆಸಿದರು. ಪಂಪ್ ಒತ್ತಿದರೆ ಗಾಳಿ ಒಳಗೆ ಹೋಗದೆ ಪುಸ್ ಅನ್ನುತ್ತಿತ್ತು. ಮುಬಶ್ಶಿರಾ ಬಿಚ್ಚಿ ನೋಡಿದಳು. ಪಂಪಿನ ತುದಿಯ ಚಕ್ಕಳದ ವಾಶರ್ ಒಣಗಿ ಹಪ್ಪಳವಾಗಿತ್ತು. ಅದಕ್ಕೆ ಜಿಡ್ಡು ಬೇಕು ಅನ್ನೋದು ನೆನಪಿತ್ತು, ಎಂಥ ಜಿಡ್ಡು ಅನ್ನೋದು ನೆನಪಿರಲಿಲ್ಲ. ಐದು ವರ್ಷ ಬೆಣ್ಣೆದೋಸೆಯ ದಾವಣಗೆರೆಗೆ ಓಡಾಡಿದ ಹುಡುಗಿ. ಒಣಗಿದ್ದು ಏನೇ ಕಂಡರೂ ಕೈ ಬೆಣ್ಣೆಯ ಕಡೆಗೇ ಹೋಗುತ್ತದೆ. ಫ್ರಿಜ್ಜಿನಿಂದ ಒಂದು ಮುದ್ದೆ ತೆಗೆದು ಧಾರಾಳವಾಗಿ ಮೆತ್ತಿದಳು. ಪಂಪು ಎರಡು ಸಲ ಚೆನ್ನಾಗಿಯೇ ಗಾಳಿ ಹೊಡೆಯಿತು. ಲೈಟಿಗೂ ಬೆಣ್ಣೆ ಹಚ್ಚಿ ಕೆಲಸ ಮಾಡಿಸಿಕೊಂಡೆ ಅಂತ ಅವಳು ಅಮ್ಮಿಗೆ ಕಣ್ಣು ಹೊಡೆದಳು. ಎರಡನ್ನೂ ಮತ್ತೆ ಸುತ್ತಿ ಅಟ್ಟಕ್ಕೇರಿಸಿದರು.

ಮಾರನೇ ಬೆಳಿಗ್ಗೆ ಹುಸೇನ್ ಸಾಬ್ ಚಾ ಕುಡಿಯುತ್ತಾ ಗೋಡೆ ನೋಡಿದರು. ಇರುವೆ ಸಾಲು. ಅಡುಗೆಮನೆಗೆ ಹೋಗುವ ಸಾಲಲ್ಲ, ಅಟ್ಟಕ್ಕೇರುವ ಸಾಲು. ಇರುವೆಗಳು ಶಿಸ್ತಾಗಿ ದಿಬ್ಬಣ ಹೊರಟ ಹಾಗೆ ಹೋಗುತ್ತಿದ್ದವು. ಚಾ ಇಟ್ಟು, ಏಣಿ ಹಾಕಿ, ಮೇಲೆ ಹೋಗಿ ಲೈಟುಗಳನ್ನು ಇಳಿಸಿ ಸೀರೆ ಬಿಚ್ಚಿದರು. ಪಂಪನ್ನು ಮೂಗಿಗೆ ಹಿಡಿದರು.

“ವಾಶರ್‌ಗೆ ಬೆಣ್ಣೆ ಹಚ್ಚಿದ್ದು ಯಾರು?”

ಸಣ್ಣ ದನಿಯಾದರೂ ಇಬ್ಬರಿಗೂ ಕೇಳಿಸಿತು. ಬೀಬಿಜಾನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಬಶ್ಶಿರಾ ಎಲ್ಲಾ ಹೇಳಿಬಿಟ್ಟಳು: ಕ್ಯಾಂಪು, ಮೇಷ್ಟ್ರು, ಫೋನು, ದನಿ. ಅಬ್ಬಾ ಬೈಯುತ್ತಾರೆ, ಬೈದ ಮೇಲೆ ಅದೇ ಬೈಗುಳವನ್ನು ಅವರದೇ ದನಿಯಲ್ಲಿ ಮಾಡಿ ನಗಿಸಿದರಾಯಿತು ಅಂದುಕೊಂಡಿದ್ದಳು.

ಹುಸೇನ್ ಸಾಬ್ ಬೈಯಲಿಲ್ಲ. ಏಣಿಯ ಮೆಟ್ಟಿಲ ಮೇಲೆ ಕೂತರು.

“ಕೈ ಹೋತು” ಅಂದರು. “ದನಿ ಒಂದು ಉಳಿದಿತ್ತು. ಅದನ್ನ ನೀನು ತಗೊಂಡಿ.”

ಆಮೇಲೆ ಎರಡು ದಿನ ಅವಳೊಡನೆ ಮಾತಿಲ್ಲ. ಮುಬಶ್ಶಿರಾಳ ಗಂಟಲೊಳಗಿನ ಊರೂ ಬಾಗಿಲು ಹಾಕಿಕೊಂಡಿತು. ಟ್ಯೂಷನ್ ಮಕ್ಕಳು, “ಮಿಸ್, ಕಂಡಕ್ಟರ್ ಮಾಡ್ರಿ” ಅಂದರೆ, “ಗಣಿತ ಮಾಡ್ರಿ” ಅಂದಳು. ದಾವಣಗೆರೆಯ ಬಸ್ಸಿನಲ್ಲಿ ಕೂತಾಗಲೂ ಒಂದೇ ಯೋಚನೆ. ಎಂಟು ತಿಂಗಳಿಂದ ಅಬ್ಬಾ ಲೈಟು ಮುಟ್ಟಿಲ್ಲ. ಮುಂದೆ ಮುಟ್ಟದೇ ಹೋದರೆ ಅದಕ್ಕೆ ಭಾನುವಳ್ಳಿಯ ಆ ಮಾತಲ್ಲ, ತಾನೇ ಕಾರಣ.

ಆದರೆ ಒಂದು ವಿಷಯ ಬೀಬಿಜಾನ್ ಗಮನಿಸಿ ಮಗಳ ಕಿವಿಗೆ ಹಾಕಿದಳು. ಲೈಟುಗಳು ಅಟ್ಟಕ್ಕೆ ವಾಪಸ್ ಹೋಗಿರಲಿಲ್ಲ. ಪಂಪಿನೊಳಗೆ ಬೆಣ್ಣೆ ಇರೋದನ್ನು ಆ ಮನುಷ್ಯ ಸಹಿಸಿಕೊಂಡು ಕೂರುವುದು ಸಾಧ್ಯವೇ ಇರಲಿಲ್ಲ. ವಾಶರನ್ನು ಕಿತ್ತೆಸೆದರು. ಡಬ್ಬಿಯಿಂದ ಹೊಸ ಚಕ್ಕಳ ತೆಗೆದು ಇಡೀ ದಿನ ಹರಳೆಣ್ಣೆಯಲ್ಲಿ ನೆನೆಸಿದರು. ಪಂಪಿನ ಕೊಳವೆಯನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಎಣ್ಣೆಯ ಆವಿ ಚಿಮ್ಮುವ ನಿಪ್ಪಲ್ಲಿನ ಕಣ್ಣಿಗೆ ಕೂದಲೆಳೆಯಂಥ ಪಿನ್ನು ಹಾಕಿ ಕಸ ತೆಗೆದರು. ಆ ಕೆಲಸಗಳಿಗೆಲ್ಲ ನಡುಗುವ ಕೈ ಸಾಕಾಗಿತ್ತು. ಒಂದಕ್ಕೆರಡು ಪಟ್ಟು ಹೊತ್ತು ಹಿಡಿಯಿತು, ಅಷ್ಟೇ.

“ರಿಪೇರಿ ಮಾಡಿ ಇಡ್ತೀನಿ, ಹೋಗಲ್ಲ” ಅಂದರಂತೆ ಹೆಂಡತಿಗೆ.

ಶುಕ್ರವಾರ ನಮಾಜು ಮುಗಿಸಿ ಬಂದು ಮಗಳ ಮುಂದೆ ಕೈ ಚಾಚಿದರು. ಮಾತಿಲ್ಲ, ಕೈ ಮಾತ್ರ. ಅವಳು ಫೋನ್ ಕೊಟ್ಟಳು. ಮೇಷ್ಟ್ರಿಗೆ ತಾವೇ ಹೇಳಿ ಮುಗಿಸಿಬಿಡೋದು ಅಂತ ಅವರ ಲೆಕ್ಕ. ಕಿವಿ ಹತ್ತಿರ ಫೋನ್ ಅಲುಗಾಡುತ್ತದೆ ಅಂತ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು.

“ಮೇಷ್ಟ್ರೇ, ನಾಳೆ ನನಗೆ ಬರಾಕ ಆಗಲ್ರಿ.”

“ಏಯ್ ಮುಬಶ್ಶಿರಾ!” ಆ ಕಡೆಯಿಂದ ಮೇಷ್ಟ್ರ ನಗು ಮೇಜಿನ ತುಂಬ ಹರಡಿತು. “ಇವತ್ತೇನವ್ವ ಇಷ್ಟು ಸಪ್ಪೆ ಮಾಡಿದೀ? ಮೊನ್ನೆ ಭಾರೀ ಚಲೋ ಮಾಡಿದ್ದಿ. ಕೆಮ್ಮು ಅಂತೂ ಒರಿಜಿನಲ್‌ಗಿಂತ ಚಲೋ!”

ಮುಬಶ್ಶಿರಾ ಗೋಡೆಗಂಟಿ ನಿಂತಳು.

“ಮೇಷ್ಟ್ರೇ” ಅಂದರು ಹುಸೇನ್ ಸಾಬ್. “ನಾನು. ಹುಸೇನು.”

ಆಮೇಲೆ ಬಂದ ದನಿಯಲ್ಲಿ ನಗುವಿರಲಿಲ್ಲ.

“ಮಾಫ್ ಮಾಡ್ರಿ ಸಾಬ್ರೆ. ಗುರುತು ಸಿಗಲಿಲ್ಲ.”

“ಮೊನ್ನೆ ಮಾತಾಡಿದ್ದು ಅವಳು ಅಂತ ನಿಮಗೆ ಗೊತ್ತಿತ್ತಾ?”

“ಎಂಟನೇ ಕ್ಲಾಸಿನಾಗೆ ನನ್ನ ದನಿ ಮಾಡಿ ಇಡೀ ಶಾಲೆಗೆ ರಜೆ ಕೊಟ್ಟ ಹುಡುಗಿ ಅದು. ಗೊತ್ತಾಗಲ್ವೇನ್ರಿ?”

“ಮತ್ತೆ ಯಾಕ ಸುಮ್ನಿದ್ರಿ?”

“ಏನ್ ಹೇಳ್ಲಿ? ಆ ದನಿ ಕೇಳಿ ಎಂಟು ತಿಂಗಳಾಗಿತ್ತು. ನೀವು ಫೋನ್ ಎತ್ತಲ್ಲ, ಮನೆಗೆ ಬಂದ್ರೆ ಮಲಗೀರಿ ಅಂತಾರ. ಮಗಳ ಗಂಟಲಾಗಾದ್ರೂ ಗೆಳೆಯ ಸಿಕ್ಕನಲ್ಲ ಅಂತ ಸುಮ್ನಾದೆ.” ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಬರೋದು ಬಿಡೋದು ನಿಮಗೆ ಬಿಟ್ಟದ್ದು. ನೀವು ಬರದಿದ್ರೆ ಟಾರ್ಚ್ ಅದಾವ, ನಡೀತೈತೆ.”

“ಟಾರ್ಚಾ!” ಅಂದರು ಹುಸೇನ್ ಸಾಬ್, ಯಾರೋ ಬಿರಿಯಾನಿಗೆ ಅವಲಕ್ಕಿ ಹಾಕುತ್ತೇನೆ ಅಂದ ಹಾಗೆ. ಮಗಳ ಕಡೆ ನೋಡಿದರು. ಎರಡು ದಿನದ ಮೇಲೆ ಮೊದಲ ಸಲ. ಅವಳ ಕಣ್ಣುಗಳು ಕೆಂಪಾಗಿದ್ದವು, ಗಲ್ಲದ ಮೇಲೆ ಮಸಿ ಇತ್ತು. ಯಾರಿಗೂ ಕಾಣದಂತೆ ಮೂಲೆಯಲ್ಲಿ ಕೂತು ಒಂದು ಲೈಟಿನ ಟೋಪಿ ಉಜ್ಜಿದ್ದಳು.

“ಮೇಷ್ಟ್ರೇ, ಕೆರೆ ದಂಡೇಲಿ ಗಾಳಿ ಯಾವ ಕಡೆಯಿಂದ ಬೀಸ್ತೈತೆ?” ಅಂದರು.

ಶನಿವಾರ ಐದಕ್ಕೆ ಅಪ್ಪ ಮಗಳು ಕೊಂಡಜ್ಜಿಯಲ್ಲಿ ಆಟೋ ಇಳಿದರು. ಕೆರೆಯ ಮೇಲೆ ಇನ್ನೂ ಬಿಸಿಲಿತ್ತು. ಗುಡಾರಗಳ ನಡುವೆ ಮೂವತ್ತು ಹುಡುಗಿಯರು ಮೂವತ್ತು ಕಡೆಯಿಂದ ಕೂಗುತ್ತಿದ್ದರು. ಕ್ಯಾಂಪಿನ ಟೀಚರ್ ಆಶಾರಾಣಿ ಸೀಟಿ ಊದಿ ಊದಿ ಸೋತಿದ್ದಳು. ಮುರುಗೇಶಪ್ಪ ಮೇಷ್ಟ್ರು ಬಂದು ಗೆಳೆಯನ ಎರಡೂ ಕೈ ಹಿಡಿದುಕೊಂಡರು. ಹುಸೇನ್ ಸಾಬರ ನಡುಕ ಮೇಷ್ಟ್ರ ಕೈಗೂ ಹತ್ತಿತು, ಮೇಷ್ಟ್ರು ಬಿಡಲಿಲ್ಲ.

ಗಾಳಿಗೆ ಮರೆಯಾಗಿ ಒಂದು ಹುಣಸೇಮರದ ಬುಡದಲ್ಲಿ ಹುಸೇನ್ ಸಾಬ್ ಚಾಪೆ ಹಾಸಿದರು. ಗುಡಾರದೊಳಗೆ ಹಚ್ಚೋದು ಬ್ಯಾಡವೇ ಬ್ಯಾಡ ಅಂತ ಮೊದಲೇ ಹೇಳಿದರು. ಸೀಮೆಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿದರು, ಪೂರ್ತಿಯಲ್ಲ. ಗಾಳಿಗೂ ಜಾಗ ಬೇಕಲ್ಲ. ಹೊಸ ಮ್ಯಾಂಟಲನ್ನು ತಾವೇ ಕಟ್ಟಿದರು. ದಾರದ ಗಂಟು ಬೀಳಲು ನಾಲ್ಕು ನಿಮಿಷ ಬೇಕಾಯಿತು. ಮುಬಶ್ಶಿರಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಬಿಟ್ಟರೆ ಅವು ತಾವಾಗಿಯೇ ಹೋಗಿ ಗಂಟು ಹಾಕಿಬಿಡುತ್ತಿದ್ದವು. ಲೈಟಿನೊಳಗಿನ ಸಣ್ಣ ಬಟ್ಟಲಿಗೆ ಸ್ಪಿರಿಟ್ ಸುರಿದು ಹಚ್ಚಿ ಎಣ್ಣೆಯ ಕೊಳವೆ ಕಾಯಿಸಿದರು. ಆಮೇಲೆ ಪಂಪು. ಮ್ಯಾಂಟಲ್ ಕಪ್ಪಾಯಿತು, ಮುದುಡಿತು, ಬೆಳ್ಳಗೆ ಉಬ್ಬಿತು. ಹುಡುಗಿಯರು ‘ಹೋ’ ಅಂದರು. ಮುಖ ದುಂಡಗಿತ್ತು, ಒಂದೂ ಸುಕ್ಕಿಲ್ಲ. ಹುಸೇನ್ ಸಾಬ್ ಗಾಳಿ ಬಿಟ್ಟು ಉರಿ ಆರಿಸಿ, ತಣ್ಣಗಾಗಲು ಬಿಟ್ಟು, ಗಾಜನ್ನು ಎತ್ತಿಕೊಂಡರು.

ಕೈ ನಡುಗಿತು. ಗಾಜಿನ ಅಂಚು ತಾಗಿತು. ಮ್ಯಾಂಟಲ್ ಉದುರಿತು.

ಮೂವತ್ತು ಹುಡುಗಿಯರೂ ಒಟ್ಟಿಗೇ ಸುಮ್ಮನಾದರು. ಸೀಟಿಗೆ ಆಗದ ಕೆಲಸ ಅದು. ಮುಬಶ್ಶಿರಾಳ ಗಂಟಲಲ್ಲಿ ಕಂಡಕ್ಟರ್ ಎದ್ದು ನಿಂತ. ಈಗ ಒಂದು ‘ಹರ್‌ಹರ್’ ಅಂದರೆ ಸಾಕು, ಎಲ್ಲರೂ ಈ ಕಡೆ ತಿರುಗಿ ನಗುತ್ತಾರೆ, ಅಬ್ಬಾನನ್ನು ಯಾರೂ ನೋಡುವುದಿಲ್ಲ. ಅವಳು ಅವನನ್ನು ಕೂರಿಸಿದಳು. ಈ ಮೌನ ಅಬ್ಬಾನದು. ಅದನ್ನೂ ತಗೊಳ್ಳುವುದು ಬೇಡ.

“ಅಜ್ಜ” ಅಂತ ಒಂದು ಹುಡುಗಿ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ಎರಡು ಜಡೆ, ಮುರಿದ ಹಲ್ಲು. ಹೆಸರು ಸ್ನೇಹಾ ಅಂತ ಎದೆಯ ಮೇಲಿನ ಚೀಟಿ ಹೇಳುತ್ತಿತ್ತು. “ಅದು ಬೂದಿ ಅಲ್ವಾ? ಬೂದಿ ಮತ್ತೆ ಹೆಂಗೆ ಉರೀತೈತೆ?”

ಹುಸೇನ್ ಸಾಬ್ ಅವಳನ್ನು ನೋಡಿದರು. ತಮಾಷೆ ಮಾಡುತ್ತಿದ್ದಾಳೋ ಅಂತ ನೋಡಿದರು. ಅವಳು ಮಾಡುತ್ತಿರಲಿಲ್ಲ.

“ಉರಿಯೋದು ಅದಲ್ಲವ್ವ” ಅಂದರು. “ಸೀಮೆಎಣ್ಣೆ ಕಾದು ಆವಿ ಆಗ್ತೈತೆ. ಉರಿಯೋದು ಆವಿ. ಇದು ಬರೀ ಕಾಯ್ತೈತೆ, ಕಾದು ಬೆಳಗ್ತೈತೆ.”

“ಕೇಳ್ಸಲ್ಲ ಅಜ್ಜ!” ಅಂದರು ಹಿಂದಿನವರು.

“ಕೇಳ್ಸಲ್ಲಾಂದ್ರೆ ಹತ್ರ ಬರ್ರಿ. ನಾನು ಜೋರಾಗಿ ಹೇಳಲ್ಲ.”

ಬಂದರು. ಒಬ್ಬರ ಹೆಗಲ ಮೇಲೆ ಒಬ್ಬರು ಗಲ್ಲ ಊರಿ ಚಾಪೆಯ ಸುತ್ತ ಗೂಡು ಕಟ್ಟಿದರು. ಉದುರಿದ ಚೂರನ್ನು ಅವರು ಕಾಗದದ ಮೇಲೆತ್ತಿ ಸುತ್ತ ತೋರಿಸಿದರು. ಮುಟ್ಟಬಾರದು, ಊದಬಾರದು, ಮೂಗಿಗೆ ಹೋಗಬಾರದು ಅಂದರು. ಮೂವತ್ತು ಜನ ಉಸಿರು ಬಿಗಿಹಿಡಿದು ನೋಡಿದರು.

“ಇನ್ನೊಂದು ಸಲ ಮಾಡ್ರಿ ಅಜ್ಜ” ಅಂದಳು ಸ್ನೇಹಾ. “ಆ ಕರ್ರಗಾಗಿ ಬೆಳ್ಳಗಾಗೋದು ನಂಗೆ ಸರಿಯಾಗಿ ಕಾಣ್ಲಿಲ್ಲ.”

ಹುಸೇನ್ ಸಾಬ್ ಎರಡನೇ ಮ್ಯಾಂಟಲ್ ಕಟ್ಟಿದರು. ಈ ಸಲ ಐದು ನಿಮಿಷ. ಕಟ್ಟಿ, ಕಡ್ಡಿ ಗೀರದೆ, ಗಾಜನ್ನು ನೋಡುತ್ತಾ ಕೂತರು. ಆಮೇಲೆ ಅದನ್ನು ಎತ್ತಿ, ಇನ್ನೂ ಬಟ್ಟೆಯಾಗಿರುವ ಮ್ಯಾಂಟಲಿನ ಸುತ್ತ ತೊಡಿಸಿದರು. ಕೈ ನಡುಗಿತು, ಅಂಚು ತಾಗಿತು, ಬಟ್ಟೆ ಸ್ವಲ್ಪ ಅಲುಗಿ ಸುಮ್ಮನಾಯಿತು.

“ಅಬ್ಬಾ” ಅಂದಳು ಮುಬಶ್ಶಿರಾ ಮೆಲ್ಲಗೆ. “ಮುಖ ನೋಡದೆ? ಉಸ್ತಾದ್ ಏನಂತಾರೆ?”

“ಉಸ್ತಾದರಿಗೆ ನಾನು ಹೇಳ್ಕೋತೀನಿ. ನೀನು ಸ್ಪಿರಿಟ್ ಕೊಡು.”

ಗಾಜಿನೊಳಗೇ ಮ್ಯಾಂಟಲ್ ಸುಟ್ಟಿತು. ಗಾಜಿಗೆ ಒಂದಿಷ್ಟು ಹೊಗೆ ಹಿಡಿಯಿತು. ಪಂಪು ಒತ್ತುತ್ತಾ ಹೋದ ಹಾಗೆ ‘ಸುಂಯ್’ ಅನ್ನುವ ಸದ್ದು ಗಟ್ಟಿಯಾಯಿತು, ಹಳದಿ ಹೋಗಿ ಬಿಳುಪು ಬಂತು. ನೋಡನೋಡುತ್ತಾ ಹುಣಸೇಮರದ ಕೆಳಕೊಂಬೆಗಳು, ಚಾಪೆ, ಮೂವತ್ತು ಮೂಗು, ಎಲ್ಲಾ ಎದ್ದು ಬಂದವು.

ಹುಸೇನ್ ಸಾಬ್ ಕಣ್ಣು ಕಿರಿದು ಮಾಡಿ ಒಳಗೆ ನೋಡಿದರು. “ಸೊಟ್ಟ ಬಂತು. ಎಡಗಡೆ ಸುಕ್ಕು.”

“ಬೆಳಕು ನೆಟ್ಟಗೈತ್ರಿ” ಅಂದರು ಮೇಷ್ಟ್ರು.

ಎರಡನೇ ಲೈಟನ್ನು ಹುಡುಗಿಯರೇ ಪಂಪ್ ಮಾಡಿದರು, ಒಬ್ಬೊಬ್ಬರಿಗೆ ಎರಡೇ ಸಲ. ಮೂರನೇದಕ್ಕೆ ಆಸೆಪಟ್ಟವಳನ್ನು ಹುಸೇನ್ ಸಾಬ್ ಗದರಿಸಿದರು. ಸಣ್ಣ ದನಿಯ ಗದರಿಕೆಗೂ ಅವಳು ಹೆದರಿದಳು. ಆಶಾರಾಣಿಗೆ ಆರಿಸುವ ರೀತಿ ಹೇಳಿಕೊಟ್ಟರು: ಗಾಳಿಯ ಸ್ಕ್ರೂ ಸಡಿಲಿಸಿ ಬಿಟ್ಟುಬಿಡ್ರಿ, ಊದಬ್ಯಾಡ್ರಿ, ಬಿಸಿ ಇರುವಾಗ ಎಣ್ಣೆ ಹಾಕಬ್ಯಾಡ್ರಿ. ಚಾ ಕುಡಿದರು. ತೆಳುವಾಗಿದೆ ಅಂತ ಮೇಷ್ಟ್ರಿಗೆ ಬೈದು ಇನ್ನೊಂದು ಲೋಟ ಕುಡಿದರು.

ಹೊರಡುವ ಹೊತ್ತಿಗೆ ಮುಬಶ್ಶಿರಾ ಸಾಮಾನಿನ ಚೀಲ ಎತ್ತಿಕೊಂಡಳು.

“ಇಲ್ಲೇ ಇರ್ಲಿ ಬಿಡು. ನಾಳೆ ಮತ್ತೆ ಹೊತ್ಕೊಂಡು ಬರೋದ್ಯಾಕ?”

ಅವಳು ಚೀಲ ಇಳಿಸಿದಳು. ಏನಾದರೂ ಅನ್ನಬೇಕೆನಿಸಿತು, ಯಾರ ದನಿಯಲ್ಲಿ ಅಂತ ಹೊಳೆಯದೆ ಸುಮ್ಮನೆ ಅಬ್ಬಾನ ತೋಳಿಗೆ ತೋಳು ಸೇರಿಸಿ ನಡೆದಳು. ಆಟೋ ಹತ್ತುವ ಮುಂಚೆ ಅವರು ನಿಂತರು.

“ಬೆಳಿಗ್ಗೆ ದಾವಣಗೆರೆಗೆ ಹೋಗಿ ಮ್ಯಾಂಟಲ್ ತಗೊಂಡು ಬಾ. ಒಂದು ಡಜನ್.”

“ಡಜನ್ನಾ? ಎರಡು ಲೈಟಿಗೆ?”

“ಒಡೀತಾವಲ್ಲ ಬೇಟಿ” ಅಂದರು ಹುಸೇನ್ ಸಾಬ್, ಆಟೋದೊಳಗೆ ಜರುಗಿ ಅವಳಿಗೆ ಜಾಗ ಮಾಡುತ್ತಾ.